ಬಂದೂಕಿನ ಕುಂದ ಇಡುವ ಜಾಗ

ಈ ವಾರ ನಾನು ಕರಿಹಲಗೆಯ ಕೆಳಗಿನ ಅರ್ಧದಲ್ಲಿ ಮಾತ್ರ ಬರೆಯುತ್ತಿದ್ದೇನೆ. ಮೇಲಿನ ಅರ್ಧ ಖಾಲಿ. ಸೋಮವಾರ ಹಿಂದಿನ ಬೆಂಚಿನ ಹುಡುಗಿಯರು ಎದ್ದು ನಿಂತು ಬರೆದುಕೊಂಡರು. ಮಂಗಳವಾರ ಮುಂದಿನ ಬೆಂಚಿನವಳೊಬ್ಬಳು, "ಟೀಚರ್, ಮ್ಯಾಲ ಯಾಕ ಬರೆಯಂಗಿಲ್ರಿ?" ಎಂದು ಕೇಳಿಯೇ ಬಿಟ್ಟಳು. "ಮ್ಯಾಲ ಬರೆದಿದ್ದು ನಿಮ್ಮ ತಲಿಮ್ಯಾಲಿಂದ ಹಾದು ಹೋಗ್ತದ, ಅದಕ್ಕ" ಎಂದೆ. ಅವಳು ನಕ್ಕು ಕೂತಳು. ಮೂವತ್ತು ವರ್ಷ ಮಕ್ಕಳಿಗೆ ಹಿಂದಿ ಕಲಿಸಿ ನಾನು ಕಲಿತದ್ದು ಇಷ್ಟೇ, ಮಾತಿಗೆ ಮಾತು ಕೊಟ್ಟು ಪಾರಾಗುವುದು.

ನಿಮ್ಮ ಮುಂದೆ ಅದು ನಡೆಯುವುದಿಲ್ಲ. ನನ್ನ ಬಲಗೈ ಭುಜದಿಂದ ಮೇಲಕ್ಕೆ ಏಳುತ್ತಿಲ್ಲ. ರವಿಕೆಯ ತೋಳಿನೊಳಗೆ ಅಂಗೈ ಅಗಲದ ಕಲೆಯೊಂದು ನೇರಳೆ ಬಣ್ಣಕ್ಕೆ ಬಂದಿದೆ. ಅದರ ಮೇಲೆ ಹಚ್ಚಿದ ಅರಿಶಿನ-ಸುಣ್ಣ ರವಿಕೆಗೂ ಹತ್ತಿ ಕೆಂಪಗೆ ಕಾಣುತ್ತದೆಂದು ಸೆರಗು ಹೊದ್ದು ಓಡಾಡುತ್ತಿದ್ದೇನೆ. ಐವತ್ತೇಳು ವರ್ಷದ ಹಿಂದಿ ಟೀಚರ್ ಬಂದೂಕು ಹಾರಿಸಿ ಭುಜ ಜಜ್ಜಿಕೊಂಡಿದ್ದಾಳೆ ಎಂದರೆ ಹುಮನಾಬಾದಿನಲ್ಲಿ ಯಾರೂ ನಂಬುವುದಿಲ್ಲ. ನಂಬಿದರೆ ಇನ್ನೂ ಕಷ್ಟ. ಆದರೆ ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ: ಇದು ಬಂದೂಕು ಹಿಡಿಯಲು ಬಾರದೆ ಆದ ಗಾಯವಲ್ಲ. ನಾನು ಹತ್ತು ದಿನ ಕಲಿತು, ಶಭಾಷ್ ಅನ್ನಿಸಿಕೊಂಡು ಬಂದವಳು.

ಅರಿಶಿನ-ಸುಣ್ಣದ ವಾಸನೆ ಬಂದರೆ ನನಗೆ ಮೋರಖಂಡಿಯ ನಮ್ಮ ಮನೆಯ ಪಡಸಾಲೆ ನೆನಪಾಗುತ್ತದೆ. ಅಪ್ಪ ಅಂಗಿ ಬಿಚ್ಚಿ ಕಂಬಕ್ಕೆ ಒರಗಿ ಕೂತಿರುತ್ತಿದ್ದ. ಕೊರಳಲ್ಲಿ ಶಿವದಾರ, ಎದೆಯ ಮೇಲೆ ಲಿಂಗದ ಬೆಳ್ಳಿಯ ಕರಡಿಗೆ, ಬಲದೋಳಿನ ಮೇಲ್ಭಾಗದಲ್ಲಿ ಕಲೆ. ಅವ್ವ ಹಿತ್ತಾಳೆ ಡಬ್ಬಿಯ ಮುಚ್ಚಳದಲ್ಲಿ ಅರಿಶಿನ-ಸುಣ್ಣ ಕಲಸಿ ಬಿಸಿ ಮಾಡಿ ಹಚ್ಚುತ್ತಿದ್ದಳು. ನಾನು ಚಿಕ್ಕವಳಿದ್ದಾಗ ಆ ಕಲೆ ಅಪ್ಪನಿಗೆ ಹುಟ್ಟಿನಿಂದಲೇ ಬಂದದ್ದು, ಮನಸ್ಸು ಬಂದಾಗ ಬಣ್ಣ ಬದಲಿಸುತ್ತದೆ ಎಂದು ತಿಳಿದಿದ್ದೆ. ಆಮೇಲೆ ಲೆಕ್ಕ ತಿಳಿಯಿತು. ಕೆಂಪಗಿದ್ದರೆ ಇವತ್ತು ಹಂದಿ ಬಂದಿದ್ದವು. ನೇರಳೆ ಇದ್ದರೆ ಮೊನ್ನೆ. ಹಸಿರಾಗಿ ಅಂಚು ಹಳದಿಗೆ ತಿರುಗಿದರೆ ವಾರವಾಯಿತು, ಇನ್ನೇನು ಮತ್ತೆ ಬರುತ್ತವೆ. ಮನೆಯಲ್ಲಿ ಕ್ಯಾಲೆಂಡರ್ ಇತ್ತು, ಆದರೂ ನನಗೆ ಅಪ್ಪನ ಭುಜವೇ ಹೆಚ್ಚು ಭರವಸೆಯದಾಗಿತ್ತು.

ಬಂದೂಕು ತಂದವನು ಮುತ್ಯಾ, ಅಪ್ಪನ ಅಪ್ಪ. ರಜಾಕಾರರ ಕಾಲ ಕಂಡವನು, ಗೋರ್ಟಾದಲ್ಲಿ ಅವರು ಜನರನ್ನು ಕೊಂದ ಸುದ್ದಿ ಕೇಳಿ ಹೆಂಡತಿ ಮಕ್ಕಳನ್ನು ಕರೆದುಕೊಂಡು ಜೋಳದ ಹೊಲದಲ್ಲಿ ಅಡಗಿ ಕೂತವನು. ಎಲ್ಲ ತಣ್ಣಗಾದ ಎಷ್ಟೋ ವರ್ಷಗಳ ಮೇಲೆ ಅರ್ಜಿ ಹಾಕಿ ಜೋಡುನಳಿಗೆಯ ಬಂದೂಕು ತಂದು ಗೂಟಕ್ಕೆ ತೂಗುಹಾಕಿದ. ಕಾಲ ಹೋದಷ್ಟು ಬೇಗ ಹೆದರಿಕೆ ಹೋಗುವುದಿಲ್ಲವಲ್ಲ. ಅವನು ಅದನ್ನು ಹಾರಿಸಿದ್ದನ್ನು ಯಾರೂ ನೋಡಲಿಲ್ಲ. ಅಪ್ಪನ ಕಾಲಕ್ಕೆ ಅದು ಬೆಳೆ ಕಾಯುವ ಬಂದೂಕಾಯಿತು. ಕಬ್ಬಿಗೆ, ಜೋಳಕ್ಕೆ ಹಂದಿ ನುಗ್ಗಿದರೆ ಸಪ್ಪಳ ಮಾಡಿ ಓಡಿಸಲಿಕ್ಕೆ, ಅಷ್ಟೇ.

ಲಿಂಗ ಕಟ್ಟಿದ ಮನೆಯಲ್ಲಿ ಬಂದೂಕೇ ಎಂದು ನೀವು ಕೇಳಬಹುದು. ಬಸವಕಲ್ಯಾಣದಿಂದ ಬಂದ ನೆಂಟರೆಲ್ಲ ಕೇಳುತ್ತಿದ್ದರು. ಶರಣರು ನಡೆದಾಡಿದ ನೆಲದಲ್ಲಿ ಇದೇನು ಎಂಬ ಹಾಗೆ ಗೂಟದ ಕಡೆಗೊಮ್ಮೆ ಅಪ್ಪನ ಕರಡಿಗೆಯ ಕಡೆಗೊಮ್ಮೆ ನೋಡುತ್ತಿದ್ದರು. ಉತ್ತರ ಕೊಡುತ್ತಿದ್ದವಳು ಅವ್ವ.

"ಎಲ್ಲರೂ ಬಂದೂಕ ಎದಿ ಬಾಜೂಕ ಇಡತಾರ್ರಿ. ಇವ್ರು ಇಡಂಗಿಲ್ಲ. ಶಿವದಾರಕ್ಕ ತಾಗತದಂತ ಹೊರಗ ತೋಳಿನ ಎಲುಬಿನ ಮ್ಯಾಲ ಇಡತಾರ. ಪೆಟ್ಟು ತಮಗ ಬೀಳ್ಲಿ, ಲಿಂಗಕ್ಕ ತಾಗಬಾರದು ಅಂತ. ತೋಳಿನ ಮ್ಯಾಲಿನ ಕಲಿ ನೋಡ್ರಿ."

ನೆಂಟರು ಕಲೆ ನೋಡಿ ಕೈ ಮುಗಿಯುವುದೊಂದು ಬಾಕಿ. ಅಪ್ಪ ಮಾತ್ರ ಅಂಗಿ ಹಾಕಿಕೊಂಡು ಎದ್ದು ಎತ್ತಿನ ಕಡೆಗೆ ಹೋಗಿಬಿಡುತ್ತಿದ್ದ. ಹೊಗಳಿಸಿಕೊಳ್ಳುವುದು ಅವನಿಗೆ ಸೇರುವುದಿಲ್ಲ ಎಂದು ನಾವು ಇನ್ನಷ್ಟು ಹೆಮ್ಮೆ ಪಡುತ್ತಿದ್ದೆವು.

ಎಲೆಕ್ಷನ್ ಬಂದರೆ ಊರಿನ ಬಂದೂಕುಗಳನ್ನೆಲ್ಲ ಪೊಲೀಸ್ ಠಾಣೆಯಲ್ಲಿ ಇಟ್ಟು ಬರಬೇಕು. ಇವತ್ತಿಗೂ ಅದೇ ಕಾಯಿದೆ. ಅಪ್ಪ ಬಂದೂಕನ್ನು ಹಳೆಯ ಧೋತರದಲ್ಲಿ ಸುತ್ತಿ ಒಯ್ಯುತ್ತಿದ್ದ. ಅಲ್ಲಿ ಅದಕ್ಕೊಂದು ಚೀಟಿ ಕಟ್ಟಿ, ಕೊಂಡವಾಡಕ್ಕೆ ದನ ನೂಕಿದ ಹಾಗೆ ಒಳಗೆ ನೂಕುತ್ತಿದ್ದರು. ಆ ದಿನಗಳಲ್ಲಿ ಅಪ್ಪನ ತೋಳು ತಿಳಿಯಾಗುತ್ತಿತ್ತು. "ಎಲೆಕ್ಷನ್ದಾಗ ಯಾರು ಗೆದ್ದರೇನು, ಯಾರು ಸೋತರೇನು, ನಿಮ್ಮಪ್ಪನ ಭುಜಾ ಒಂದು ಗೆಲ್ತದ ನೋಡು" ಎನ್ನುತ್ತಿದ್ದಳು ಅವ್ವ. ಅವಳು ಹೋಗಿ ಆರು ವರ್ಷವಾಯಿತು. ಆ ಹಿತ್ತಾಳೆ ಮುಚ್ಚಳ ಅಡುಗೆಮನೆಯ ಮಾಡದಲ್ಲಿ ಕೂತಲ್ಲೇ ಕೂತಿತ್ತು.

ಇನ್ನೊಂದು ನೆನಪಿದೆ. ಇದನ್ನು ನಾನು ಬಹಳ ದಿನ ಒಳ್ಳೆಯ ನೆನಪೆಂದೇ ಇಟ್ಟುಕೊಂಡಿದ್ದೆ. ನನಗೆ ಆಗ ಏಳೆಂಟು ವರ್ಷ. ಒಂದು ಬೆಳಿಗ್ಗೆ ಹೊಲದ ಕಡೆಯಿಂದ ಬಂದೂಕಿನ ಸಪ್ಪಳ ಕೇಳಿತು. ಅವ್ವ ಎಂದಿನಂತೆ ಮುಚ್ಚಳದಲ್ಲಿ ಅರಿಶಿನ-ಸುಣ್ಣ ಕಲಸಿಟ್ಟುಕೊಂಡು ಕೂತಳು. ಅಪ್ಪ ಬರುವುದು ತಡವಾಯಿತು. ಬಂದವನ ಕೈಕಾಲಿಗೆಲ್ಲ ಮಣ್ಣು. "ಬ್ಯಾಡ. ಇವತ್ತ ಏನೂ ಆಗಿಲ್ಲ" ಎಂದು ಅಂಗಿ ಸರಿಸಿ ತೋರಿಸಿದ. ನಿಜಕ್ಕೂ ಭುಜ ಸ್ವಚ್ಛವಿತ್ತು. ಅಪ್ಪನಿಗೆ ನೋವಾಗಲಿಲ್ಲವಲ್ಲ ಎಂದು ನಾನು ಅಂಗಳದ ತುಂಬ ಕುಣಿದೆ. ಅಪ್ಪ ಬಾವಿಯ ಹತ್ತಿರ ಹೋಗಿ ಬಹಳ ಹೊತ್ತು ಸ್ನಾನ ಮಾಡಿದ. ಎರಡು ದಿನ ಉಣ್ಣಲಿಲ್ಲ. ಜ್ವರ ಎಂದಳು ಅವ್ವ. ಮೂರನೆಯ ದಿನ ಎಲ್ಲ ಮೊದಲಿನಂತಾಯಿತು. ಮುಂದಿನ ಸಲ ಹಂದಿ ಬಂದಾಗ ತೋಳಿನ ಮೇಲೆ ಕಲೆಯೂ ಬಂತು.

ಇರಲಿ. ಈಗ ಅಪ್ಪನಿಗೆ ಎಂಬತ್ತು ದಾಟಿದೆ. ತಮ್ಮ ಶಿವರಾಜನ ಸಂಸಾರದ ಜೊತೆ ಮೋರಖಂಡಿಯಲ್ಲೇ ಇದ್ದಾನೆ. ಮೊಮ್ಮಕ್ಕಳಿಗೆ ಬೈಯುತ್ತಾನೆ, ಎರಡು ರೊಟ್ಟಿ ತಿನ್ನುತ್ತಾನೆ, ಚೆನ್ನಾಗಿದ್ದಾನೆ. ಬಲಗೈ ಮಾತ್ರ ಬಂದೂಕಿನ ಭಾರ ಎತ್ತುವುದಿಲ್ಲ. ಪರವಾನಗಿಯನ್ನು ವಾರಸುದಾರರ ಹೆಸರಿಗೆ ಮಾಡಿಸಬೇಕೆಂಬ ಮಾತು ಕಳೆದ ವರ್ಷ ಬಂತು. ಹೊಲ ಮಾಡುವವನು ಶಿವರಾಜ, ಊರಲ್ಲಿರುವವನು ಶಿವರಾಜ. ನಾವೆಲ್ಲ ಅವನ ಹೆಸರೇ ಎಂದುಕೊಂಡಿದ್ದೆವು. ಅಪ್ಪ ತಲೆ ಅಲ್ಲಾಡಿಸಿದ.

"ಅವಗ ಬ್ಯಾಡ. ಅವನ ಗುರಿ ಭಾಳ ಛಲೋ ಅದ."

ಶಿವರಾಜ ನಕ್ಕ, ನಾನೂ ನಕ್ಕೆ. ಬಂದೂಕು ಕೊಡದಿರಲು ಇಂಥ ಕಾರಣವನ್ನು ಯಾರಾದರೂ ಕೇಳಿದ್ದಾರೆಯೇ? ಚಿಕ್ಕಂದಿನಲ್ಲಿ ಶಿವರಾಜ ಕಲ್ಲು ಒಗೆದರೆ ಹುಣಸೆಕಾಯಿ ಬೀಳುತ್ತಿತ್ತು. ನಾನು ಒಗೆದರೆ ಪಕ್ಕದ ಮನೆಯವರ ನೀರಿನ ಗಡಿಗೆ ಒಡೆಯುತ್ತಿತ್ತು. ಅದೂ ಗಡಿಗೆಗೆ ಗುರಿಯಿಟ್ಟಿದ್ದರೆ ಒಡೆಯುತ್ತಿರಲಿಲ್ಲ ಬಿಡಿ.

"ಮಹಾದೇವಿ ಹೆಸರಿಗೆ ಮಾಡಸ್ರಿ" ಎಂದ ಅಪ್ಪ. "ಶನಿವಾರಕ್ಕೊಮ್ಮಿ ಬಂದು ಒಂದು ಸಪ್ಪಳ ಮಾಡಿ ಹೋಗ್ಲಿ. ಹಂದಿಗೋಳು ವಾರ ತನಕ ನೆನಪು ಇಟಗೋತಾವ."

ದೊಡ್ಡ ಮಗಳು, ಟೀಚರ್, ಜವಾಬ್ದಾರಿಯ ಹೆಣ್ಣುಮಗಳು ಎಂದು ನನ್ನನ್ನು ಆರಿಸಿದ್ದಾನೆಂದು ನಾನು ಉಬ್ಬಿಹೋದೆ. ಆ ಉಬ್ಬು ಎಲ್ಲಿಗೆ ಮುಟ್ಟಿತೆಂಬುದನ್ನೇ ಹೇಳಲು ಹೊರಟಿದ್ದೇನೆ.

ಪರವಾನಗಿಗೆ ತರಬೇತಿಯ ಸರ್ಟಿಫಿಕೇಟ್ ಬೇಕಂತೆ. ಹುಮನಾಬಾದಿನ ಹೊರಗಿನ ಬಯಲಿನಲ್ಲಿ ಹತ್ತು ದಿನ, ಬೆಳಿಗ್ಗೆ ಶಾಲೆಗೆ ಮುಂಚೆ. ಕಲಿಸುತ್ತಿದ್ದವರು ಹುಲಸೂರಿನ ಇಸ್ಮಾಯಿಲ್ ಸಾಬರು, ಫೌಜಿನಿಂದ ನಿವೃತ್ತರಾದ ಹವಾಲ್ದಾರರು. ಮೊದಲ ದಿನ ನನ್ನ ಕೈಗೆ ಜೋಡುನಳಿಗೆ ಬಂದಾಗ ನಾನು ಅದನ್ನು ಅಳುವ ಕೂಸಿನ ಹಾಗೆ ಮೈಯಿಂದ ಆದಷ್ಟು ದೂರ ಹಿಡಿದೆ. ಕಣ್ಣು ಮುಚ್ಚಿ ಒತ್ತಿದೆ. ಅದು ಹಿಂದಕ್ಕೆ ಬಂದು ಗುದ್ದಿದ ರೀತಿಗೆ ಹಿಂದಿಯ ವ್ಯಾಕರಣವೆಲ್ಲ ಒಂದು ಕ್ಷಣ ಮರೆತುಹೋಯಿತು. ಎರಡನೆಯ ದಿನ ಜಾಣತನ ಮಾಡಿ ರವಿಕೆಯ ಮೇಲೆ ಟವೆಲ್ ಮಡಿಸಿಟ್ಟುಕೊಂಡೆ. ಟವೆಲ್ ಜಾರಿತು, ಅದರ ಜೊತೆ ಬಂದೂಕೂ ಜಾರಿತು, ಗಲ್ಲಕ್ಕೂ ಒಂದು ಬಿತ್ತು.

"ಮೇಡಂ, ಹೆದರಿ ದೂರ ಹಿಡಿದ್ರ ಅದು ಓಡಿ ಬಂದು ಹೊಡಿತದ್ರಿ" ಎಂದರು ಸಾಬರು. "ಹತ್ರ ಗಟ್ಟಿ ಹಿಡಿದ್ರ ಬರೇ ನೂಕತದ. ನಡಕ ಜಾಗಾ ಬಿಡಬಾರದು, ಅಷ್ಟೇ."

ಆಮೇಲೆ ಅವರು ಗುಂಡಿಲ್ಲದ ಬಂದೂಕನ್ನು ನನ್ನ ಕೈಗೆ ಕೊಟ್ಟು ಮೂರು ದಿನ ಬರೀ ಎತ್ತುವುದು, ಇಳಿಸುವುದು ಮಾಡಿಸಿದರು. ಎಡಗಾಲು ಮುಂದೆ, ಮೈಯ ಭಾರ ಅದರ ಮೇಲೆ. ಬಂದೂಕಿನ ಹಿಂದಿನ ಕಟ್ಟಿಗೆಯ ಭಾಗಕ್ಕೆ ಅವರು ಕುಂದ ಎನ್ನುತ್ತಿದ್ದರು. ಅದು ತೋಳಿನ ಎಲುಬಿನ ಮೇಲೂ ಕೂರಬಾರದು, ಕೊರಳೆಲುಬಿನ ಮೇಲೂ ಕೂರಬಾರದು. ಮೊಣಕೈ ಸ್ವಲ್ಪ ಎತ್ತಿದರೆ ಎರಡರ ನಡುವೆ ಒಂದು ಮೆತ್ತನೆಯ ತಗ್ಗು ಬೀಳುತ್ತದೆ. ಅದೇ ಕುಂದದ ಮನೆ. ಆದರೆ ನೇರ ಅಲ್ಲಿಗೆ ಒಯ್ಯಬಾರದು. "ಮೊದಲ ಕೆನ್ನಿಗಿ, ಆಮ್ಯಾಲ ಭುಜಕ್ಕ" ಎನ್ನುತ್ತಿದ್ದರು ಅವರು. ತಲೆಯನ್ನು ಬಂದೂಕಿಗೆ ಬಗ್ಗಿಸದೆ, ಬಂದೂಕನ್ನೇ ಕೆನ್ನೆಗೆ ತರಬೇಕು. ಭುಜ ಮುಂದೆ ಬಂದು ಅದನ್ನು ಎದುರುಗೊಳ್ಳಬೇಕು. ಕೆನ್ನೆ ಕಟ್ಟಿಗೆಗೆ ಅಂಟಿದರೆ ಕಣ್ಣು ತಾನೇ ನಳಿಗೆಯ ಸಾಲಿಗೆ ಬಂದು ನಿಲ್ಲುತ್ತದೆ.

ನಾನು ನನ್ನ ಕೊರಳಲ್ಲೂ ಇದ್ದ ಶಿವದಾರದ ಮಾತೆತ್ತಿದೆ. ನಮ್ಮಪ್ಪ ಅದಕ್ಕಾಗಿ ಹೊರಗೆ ಇಡುತ್ತಿದ್ದರು ಎಂದೆ. ಸಾಬರು ಗಂಭೀರವಾಗಿ ಕೇಳಿದರು. "ದಾರ ಜರಾ ಎಡಕ ಸರಿಸಿದ್ರ ಆಯ್ತಲ್ರಿ, ಮೇಡಂ. ನಿಮ್ಮ ಲಿಂಗ ಎಡಗಡಿ ಎದಿಮ್ಯಾಲ ಆರಾಮ ಇರ್ತದ" ಎಂದರು. ಸರಿಸಿದೆ. ತಾಗಲಿಲ್ಲ. ಇಷ್ಟು ಸಣ್ಣ ಉಪಾಯ ಅಪ್ಪನಿಗೆ ಐವತ್ತು ವರ್ಷ ಹೊಳೆಯಲಿಲ್ಲವೇ ಎಂದು ಒಂದು ಕ್ಷಣ ಅನ್ನಿಸಿತು. ಪಾಪ, ಹಳೆಯ ಕಾಲದ ಮನುಷ್ಯ ಎಂದುಕೊಂಡೆ.

ಶಾಲೆಯಲ್ಲಿ ಮಧ್ಯಾಹ್ನದ ಬಿಡುವಿನಲ್ಲಿ ಕರಿಹಲಗೆಯ ಉದ್ದನೆಯ ಕಟ್ಟಿಗೆ ಸ್ಕೇಲ್ ಹಿಡಿದು ಅಭ್ಯಾಸ ಮಾಡಿದೆ. ಕಣ್ಣು ಮುಚ್ಚಿ ಎತ್ತಿ, ಕೆನ್ನೆಗೆ ತಂದು, ಭುಜಕ್ಕೆ ಕೂರಿಸಿ ಕಣ್ಣು ತೆರೆದರೆ ಸ್ಕೇಲಿನ ಆ ತುದಿಗೆ ಹೆಡ್ ಮಾಸ್ತರರು ನಿಂತಿದ್ದರು. ಅವರು ಬಂದ ಕೆಲಸ ಹೇಳದೆ ಹೊರಟುಹೋದರು. ಅಂದಿನಿಂದ ನನ್ನ ರಜೆ ಅರ್ಜಿಗಳು ಬೇಗ ಮಂಜೂರಾಗುತ್ತಿವೆ.

ಹತ್ತನೆಯ ದಿನ ಎಲ್ಲ ಕೂಡಿಬಂತು. ಕೆನ್ನೆ, ಭುಜ, ಕಣ್ಣು ಒಂದೇ ಸಾಲು. ಬಂದೂಕು ಮೆಲ್ಲಗೆ ನೂಕಿತು, ಅಷ್ಟೇ. ನೋವು ಎಂಬುದೇ ಇಲ್ಲ. ಎದುರಿಗಿನ ಕಾಗದದ ನಡುವಿನ ಕಪ್ಪು ಬೊಟ್ಟು ಜರಡಿಯಾಗಿತ್ತು. ಸಾಬರು, "ಶಭಾಷ್ ಮೇಡಂ. ಈಗ ಬಂದೂಕ ನಿಮ್ಮ ಮಾತು ಕೇಳ್ತದ" ಎಂದರು. ಜೀವನದಲ್ಲಿ ಮೊದಲ ಸಲ ನಾನು ಏನನ್ನೋ ಗುರಿಯಿಟ್ಟು ಹೊಡೆದಿದ್ದೆ. ಆ ಕಾಗದವನ್ನು ಬೇಡಿ ತೆಗೆದುಕೊಂಡು, ರೊಟ್ಟಿಯ ಡಬ್ಬಿಯ ಜೊತೆ ಚೀಲದಲ್ಲಿಟ್ಟು, ಬಸವಕಲ್ಯಾಣದಲ್ಲಿ ಬಸ್ಸು ಬದಲಿಸಿ ಮೋರಖಂಡಿಗೆ ಹೋದೆ. ದಾರಿಯಲ್ಲಿ ಎರಡು ಸಲ ಚೀಲ ತೆರೆದು ನೋಡಿಕೊಂಡೆನೆಂದು ಹೇಳಲು ಈಗ ನಾಚಿಕೆಯಾಗುತ್ತದೆ.

ಅಪ್ಪ ಪಡಸಾಲೆಯ ಅದೇ ಕಂಬಕ್ಕೆ ಒರಗಿ ಕೂತಿದ್ದ. ಕಾಗದ ಬಿಡಿಸಿ ಅವನ ತೊಡೆಯ ಮೇಲಿಟ್ಟೆ. ಕನ್ನಡಕ ಹಾಕಿಕೊಂಡು ನೋಡಿದ. ತೂತುಗಳ ಮೇಲೆ ಬೆರಳಾಡಿಸಿದ.

"ಕೆನ್ನಿ ಕಟಗಿಗಿ ಹಚ್ಚಿದ್ಯೇನು?"

"ಹೌದಪ್ಪ. ಮೊದಲ ಕೆನ್ನಿಗಿ, ಆಮ್ಯಾಲ ಭುಜಕ್ಕ."

"ಭುಜಾಕ್ಕ ಏನೂ ಆಗಿಲ್ಲ?"

"ಏನೇನೂ ಆಗಿಲ್ಲ" ಎಂದು ತೋಳು ಎತ್ತಿ ತಿರುಗಿಸಿ ತೋರಿಸಿದೆ.

ಅಪ್ಪ ಕಾಗದ ಮಡಿಸಿ ಪಕ್ಕಕ್ಕಿಟ್ಟ. ಶಭಾಷ್ ಅನ್ನಲಿಲ್ಲ. ಶಿವರಾಜನ ಹೆಂಡತಿ ತಂದಿಟ್ಟ ಚಹಾ ಕೆನೆಗಟ್ಟಿತು. ನಾನು ಏನು ತಪ್ಪು ಮಾಡಿದೆನೆಂದು ತಿಳಿಯದೆ, ಉತ್ತರ ಬರದ ಹುಡುಗಿಯ ಹಾಗೆ ನಿಂತಿದ್ದೆ. ಅಪ್ಪ ನೆಲ ನೋಡುತ್ತಲೇ ಮಾತಾಡಿದ.

"ನಂಗೂ ಒಬ್ರು ಕಲಿಸಿದ್ರು, ಮಹಾದೇವಿ. ನಿಮ್ಮವ್ವನ ತವರುಮನಿ ಕಡಿಯವ್ರು, ಫೌಜಿನಾಗ ಇದ್ದವ್ರು. ಅಲ್ಲಿತನ ನಂಗ ಹಿಡಿಯಾಕ ಬರ್ತಿರಲಿಲ್ಲ, ಹ್ಯಾಂಗರೆ ಹಿಡಿದು ಪೆಟ್ಟು ತಿಂತಿದ್ದೆ. ಅವ್ರು ಹೇಳಿದಂಗ ಮರದಿನಾನೇ ಹಿಡಿದೆ. ಹೊಡಿಬೇಕಂತ ಮನಸಿರಲಿಲ್ಲ. ಆದ್ರ ಕೆನ್ನಿ ಕಟಗಿಗಿ ಹತ್ತಿತಂದ್ರ ಕಣ್ಣು ನಳಿಗಿ ಹಿಂದ ಬರ್ತದ. ಕಣ್ಣು ಬಂತಂದ್ರ ಬೆರಳು ನಮ್ಮ ಮಾತು ಕೇಳಂಗಿಲ್ಲ."

ಬಿದ್ದದ್ದು ಹೆಣ್ಣು ಹಂದಿ. ಬೆಳಗಾಗುವ ಹೊತ್ತು. ಅದರ ಹಿಂದೆ ಮೈಮೇಲೆ ಗೆರೆಗೆರೆಯಿದ್ದ ಮರಿಗಳು, ಐದೋ ಆರೋ. ಓಡಿಹೋದವು, ಮತ್ತೆ ಬಂದವು. ತಾಯಿ ಏಳಲಿಲ್ಲವೆಂದು ಸುತ್ತ ನಿಂತು ಮೂತಿಯಿಂದ ನೂಕಿದವಂತೆ. ಅಪ್ಪ ಕೈಬೀಸಿದರೂ ಹೋಗಲಿಲ್ಲವಂತೆ. ಕೊನೆಗೆ ಅವನೇ ಬದುವಿನ ಹತ್ತಿರ ಗುಂಡಿ ತೋಡಿ ಹೂತು ಬಂದ.

"ಅವತ್ತ ನೀ ಅಂಗಳದಾಗ ಕುಣದಿದ್ದಿ" ಎಂದ ಅಪ್ಪ. "ಅಪ್ಪಗ ನೋವಾಗಿಲ್ಲ, ನೋವಾಗಿಲ್ಲ ಅಂತ."

ನಾನು ಅವನ ಪಕ್ಕಕ್ಕೆ ಕೂತೆ. ಐವತ್ತು ವರ್ಷ ನಾನು ಮುದ್ದಿನಿಂದ ಕಾಯ್ದಿಟ್ಟುಕೊಂಡಿದ್ದ ನೆನಪು ಅದು.

"ಮತ್ತ ಅವ್ವ ಲಿಂಗಕ್ಕ ತಾಗಬಾರದಂತ ಅಂತಿದ್ಲಲ್ಲ?"

"ಆಕಿ ಹಂಗ ತಿಳಕೊಂಡಿದ್ಲು. ಇರಲಿ ಅಂತ ಬಿಟ್ಟೆ. ಖರೇ ಹೇಳಿದ್ರ ಆಕಿ ಅನ್ನ ಬಿಡ್ತಿದ್ಲು." ಎಂದ ಅಪ್ಪ. "ಹೊರಗ ತೋಳಿನ ಎಲುಬಿಗಿ ಇಟ್ರ ಕೆನ್ನಿ ಮುಟ್ಟಂಗಿಲ್ಲ. ತಲಿ ಮ್ಯಾಲೇ ಇರ್ತದ. ನಳಿಗಿ ಆಕಾಶ ನೋಡ್ತದ. ಶಿವರಾಜಗ ಹ್ಯಾಂಗ ಕೊಟ್ರೂ ಅವ ಹೊಡಿತಾನ. ನಿಂಗ ಗುರಿ ಬರಂಗಿಲ್ಲಂತ ನಿನ್ನ ಹೆಸರು ಹೇಳಿದೆ. ಈಗ ನಿಂಗೂ ಬರ್ತದಲ್ಲ."

ಕೊನೆಯ ಮಾತನ್ನು ಅವನು ಬೈಯುವ ಹಾಗೆ ಹೇಳಲಿಲ್ಲ. ನನಗೆ ಏನೋ ರೋಗ ಹತ್ತಿದೆ ಎನ್ನುವ ಹಾಗೆ ಹೇಳಿದ. ಜವಾಬ್ದಾರಿಯ ಹೆಣ್ಣುಮಗಳೆಂಬ ಉಬ್ಬು ಅಲ್ಲಿಗೆ ಇಳಿಯಿತು.

ಹಾಗಾದರೆ ಬಂದೂಕನ್ನೇ ಸರಕಾರಕ್ಕೆ ಒಪ್ಪಿಸಿಬಿಡೋಣ ಎಂದೆ. ಅಪ್ಪ ಅದನ್ನೂ ಯೋಚಿಸಿದ್ದ.

"ಒಪ್ಪಿಸಿದ್ರ ಸಪ್ಪಳ ನಿಲ್ಲತದ. ಸಪ್ಪಳ ನಿಂತ್ರ ಹಂದಿಗೋಳು ನಾಕೂ ಕಡಿ ಹೊಲಕ್ಕ ಬರ್ತಾವ. ಆಜುಬಾಜುದವ್ರು ಬೇಲಿಗಿ ಕರೆಂಟ್ ಬಿಡ್ತಾರ. ಒಂದು ಸಾಯೂದಿಲ್ಲ, ಗುಂಪಿಗಿ ಗುಂಪೇ ಸಾಯ್ತಾವ. ಮನಿಷ್ಯಾರೂ ಸಾಯ್ತಾರ. ಸಪ್ಪಳ ಇರ್ಲಿ, ಅವ್ವಾ."

ಪರವಾನಗಿ ನನ್ನ ಹೆಸರಿಗೆ ಬರಲು ಕೆಲವು ತಿಂಗಳು ಹಿಡಿಯಿತು. ಅಷ್ಟರಲ್ಲಿ ಕಬ್ಬು ಎದೆಮಟ್ಟ ಬಂದಿತ್ತು. ಕಳೆದ ಶನಿವಾರ ಊರಿಗೆ ಹೋದಾಗ, ಬೆಳಿಗ್ಗೆ ಹಂದಿ ಹೊಕ್ಕ ಗುರುತು ಇದೆ, ಸಂಜೆ ಮತ್ತೆ ಬರುತ್ತವೆ ಎಂದ ಶಿವರಾಜ. ಸೂರ್ಯ ಇಳಿಯುವ ಹೊತ್ತಿಗೆ ನಾನು ಬಂದೂಕು ತೆಗೆದುಕೊಂಡು ಅಂಗಳಕ್ಕೆ ಬಂದೆ. ಅಭ್ಯಾಸ ನೋಡಿ, ಖಾಲಿ ಬಂದೂಕನ್ನು ಒಮ್ಮೆ ಎತ್ತಿದೆ. ಅದು ತಾನಾಗಿ ಕೆನ್ನೆಗೆ ಬಂತು, ತಾನಾಗಿ ತಗ್ಗಿನಲ್ಲಿ ಕೂತಿತು. ಕಲಿತದ್ದನ್ನು ಮೈ ಮರೆಯುವುದಿಲ್ಲ. ನನಗೇ ಹೆದರಿಕೆಯಾಯಿತು.

ಅಪ್ಪ ಕಂಬ ಹಿಡಿದು ಎದ್ದು ಬಂದ. ಬಾಗಿದ ತೋರುಬೆರಳಿನಿಂದ ನನ್ನ ಬಲದೋಳಿನ ಎಲುಬನ್ನು ಮುಟ್ಟಿ ಒತ್ತಿದ. ಅವನ ಕಲೆ ಇರುತ್ತಿದ್ದ ಜಾಗ.

"ಇಲ್ಲಿ" ಎಂದ.

ಹೊಲದ ಬದುವಿನ ಮೇಲೆ ನಾನು ನಿಂತಾಗ ಕಬ್ಬಿನ ಸಾಲು ಅಲ್ಲಾಡುತ್ತಿತ್ತು. ಒಂದು ದೊಡ್ಡದು ಹೊರಗೆ ಬಂದು ನಿಂತಿತು, ಮೂವತ್ತು ಹೆಜ್ಜೆ ದೂರ. ಅದರ ಹಿಂದೆ ಸಣ್ಣವು. ಕೆನ್ನೆ ಕಟ್ಟಿಗೆಯ ಕಡೆಗೆ ಎಳೆಯಿತು, ಸುಳ್ಳು ಯಾಕೆ ಹೇಳಲಿ. ಸಾಬರ ಶಭಾಷ್ ಕಿವಿಯಲ್ಲಿತ್ತು. ನಾನು ತಲೆ ಎತ್ತಿ ಹಿಡಿದೆ. ಕುಂದವನ್ನು ಹೊರಗೆ ಎಲುಬಿನ ಮೇಲೆ ಇಟ್ಟೆ, ಅಪ್ಪ ಒತ್ತಿದ ಜಾಗದಲ್ಲಿ. ನಳಿಗೆ ಮೇಲಕ್ಕೆ ಹೋಯಿತು. ಒತ್ತಿದೆ. ಆ ಪೆಟ್ಟಿಗೆ ಕೈ ಬೆರಳಿನ ತುದಿಯವರೆಗೆ ಜೋಮು ಹಿಡಿದು ಕಣ್ಣಲ್ಲಿ ನೀರು ಬಂತು. ಕಬ್ಬಿನೊಳಗೆ ಸರಸರನೆ ಓಡುವ ಸದ್ದು ಬಹಳ ದೂರದವರೆಗೆ ಹೋಗಿ ನಿಂತಿತು.

ಮನೆಗೆ ಬಂದರೆ ಅಪ್ಪ ಪಡಸಾಲೆಯಲ್ಲಿ ಕೂತಿದ್ದ. ಎದುರಿಗೆ ಅವ್ವನ ಹಿತ್ತಾಳೆ ಮುಚ್ಚಳ, ಅದರಲ್ಲಿ ಕಲಸಿ ಬಿಸಿ ಮಾಡಿಟ್ಟ ಅರಿಶಿನ-ಸುಣ್ಣ. ಹಂದಿ ಎಷ್ಟಿದ್ದವು, ಕಬ್ಬು ಎಷ್ಟು ಹೋಯಿತು, ಏನೂ ಕೇಳಲಿಲ್ಲ. ನನ್ನ ಮುಖವನ್ನೇ ನೋಡಿದ.

"ನೋವಾಯ್ತೇನವ್ವಾ?"

"ಭಾಳ ಆಗ್ಯದಪ್ಪ."

ಅಪ್ಪ ಉಸಿರು ಬಿಟ್ಟು, ಎಡಗೈಯಿಂದ ನನ್ನ ರವಿಕೆಯ ತೋಳು ಮೇಲೆ ಸರಿಸಿ, ಬಿಸಿ ಅರಿಶಿನ-ಸುಣ್ಣ ಹಚ್ಚಿದ.

"ಹಂಗಾರ ಹಂದಿಗೋಳು ಎಲ್ಲಾ ಮನಿ ಮುಟ್ಟ್ಯಾವ" ಎಂದ.